ಮೀನು ನೋಡುವ ರಾವ್ನಕ್ಕ

ನಮ್ಮೂರಲ್ಲಿ ಯಾರನ್ನಾದರೂ "ನಿಮ್ಮ ಮಂದೆಯಲ್ಲಿ ಹಿಮಸಾರಂಗ ಎಷ್ಟಿವೆ?" ಎಂದು ಕೇಳಿದರೆ, ಕೇಳಿದವರಿಗೆ ಆ ಮನೆಯಲ್ಲಿ ಎರಡನೇ ಲೋಟ ಕಾಫಿ ಸಿಗುವುದಿಲ್ಲ. ಬ್ಯಾಂಕಿನಲ್ಲಿ ದುಡ್ಡೆಷ್ಟಿದೆ ಎಂದು ಕೇಳಿದಷ್ಟೇ ಕೆಟ್ಟ ಪ್ರಶ್ನೆ ಅದು. ತೀರಾ ಬೆನ್ನು ಹತ್ತಿದವರಿಗೆ "ಮರದ ಈಚೆಗೂ ಇವೆ, ಆಚೆಗೂ ಇವೆ" ಎಂದು ಹೇಳಿ ಮಾತು ತಿರುಗಿಸುತ್ತೇವೆ. ಭೂಮಿಯ ಉತ್ತರ ತುದಿಯಲ್ಲಿ ಹಿಮಸಾರಂಗ ಸಾಕಿ ಬದುಕುವ ಇಂಥ ಸಾಮಿ ಜನರ ನಡುವೆ ಹುಟ್ಟಿ ಬೆಳೆದ ನಮ್ಮ ರಾವ್ನಕ್ಕನಿಗೆ ಮೀನು ಕಚೇರಿಯವರು ಹುಡುಕಿ ಹುಡುಕಿ ಎಣಿಸುವ ಕೆಲಸವನ್ನೇ ಕೊಟ್ಟರು.

ನಮ್ಮ ಚಿಕ್ಕ ಹೊಳೆ ದೆಯತ್ನು ಎಂಬ ದೊಡ್ಡ ಹೊಳೆಯನ್ನು ಸೇರುವ ಮೊದಲು ಸೇತುವೆಯ ಕೆಳಗೆ ಕಿರಿದಾಗುತ್ತದೆ. ಅಲ್ಲಿ ನೀರಿನ ತಳದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟಿದ್ದಾರೆ. ಮೊಟ್ಟೆಯಿಡಲು ಸಮುದ್ರದಿಂದ ಹತ್ತಿ ಬರುವ ಸಾಲ್ಮನ್ ಮೀನುಗಳು ಅವುಗಳ ಮುಂದೆಯೇ ಹಾಯ್ದು ಹೋಗಬೇಕು. ಬದಿಯಿಂದ ನುಸುಳದಂತೆ ಎರಡೂ ದಡದಿಂದ ಬಲೆಯ ಬೇಲಿ ಇದೆ. ದಡದ ಮೇಲೊಂದು ಹಲಗೆಯ ಕೋಣೆ. ಅದರೊಳಗೆ ಒಂದು ದೊಡ್ಡ ಪರದೆ, ಒಂದು ಒಲೆ, ಒಂದು ಕುರ್ಚಿ, ಕುರ್ಚಿ ತುಂಬ ರಾವ್ನಕ್ಕ. ಹೊಳೆಯ ಮೇಲಿನ ಮಂಜುಗಡ್ಡೆ ಒಡೆದು ಕೊಚ್ಚಿಹೋದ ಮೇಲೆ ಬಂದು ಕೂತರೆ ಬರ್ಚ್ ಮರದ ಎಲೆ ಹಳದಿಯಾಗುವವರೆಗೂ ಅವಳ ಸಂಸಾರ ಅಲ್ಲೇ. ಹಾದುಹೋದ ಮೀನು ಯಾವ ಜಾತಿ, ಗಂಡೋ ಹೆಣ್ಣೋ, ಎಷ್ಟು ಉದ್ದ, ಮೇಲಕ್ಕೆ ಹೋಯಿತೋ ಕೆಳಕ್ಕೆ ಬಂತೋ ಎಂದು ಬರೆಯಬೇಕು. ಉದ್ದ ತಿಳಿಯಲು ತಳದಲ್ಲಿ ಕಪ್ಪು ಬಿಳಿ ಪಟ್ಟಿಯ ಕೋಲು ನೆಟ್ಟಿದ್ದಾರೆ.

ಮೊದಲ ಬೇಸಗೆಯಲ್ಲಿ ಕಚೇರಿಯವರೊಬ್ಬರು ದಕ್ಷಿಣದ ಪಟ್ಟಣದಿಂದ ಫೋನು ಮಾಡಿ, "ಈ ವಾರ ಎಷ್ಟು ಬಂದವು?" ಎಂದು ನೇರವಾಗಿ ಕೇಳಿಬಿಟ್ಟರು. ರಾವ್ನಕ್ಕನ ಕಿವಿಯೆಲ್ಲ ಕೆಂಪಾಯಿತು. ಪಕ್ಕದಲ್ಲೇ ನಿಂತಿದ್ದೆ, ನೋಡಿದ್ದೇನೆ.

"ಸೇತುವೆ ಈಚೆಗೂ ಇವೆ, ಆಚೆಗೂ ಇವೆ" ಎಂದು ಹೇಳಿ ಫೋನು ಇಟ್ಟಳು.

ಆ ಕಡೆಯವರು ಪಾಪ ಅದನ್ನು ನಿಜವೆಂದೇ ತಿಳಿದು, ಸೇತುವೆಯ ಆಚೆಗೂ ಕ್ಯಾಮೆರಾ ಇಡಬೇಕೇನೋ ಎಂದು ಸಭೆ ಕರೆದರಂತೆ. ಆಮೇಲೆ ಒಂದು ಒಪ್ಪಂದವಾಯಿತು. ಅಂಕಿಯನ್ನು ಬರೆದು ಕಳಿಸುತ್ತಾಳೆ, ಬಾಯಿಬಿಟ್ಟು ಕೇಳುವಂತಿಲ್ಲ.

ನಾನು ಇಂಗ್ಗಾ, ರಾವ್ನಕ್ಕನ ಚಿಕ್ಕಪ್ಪನ ಮಗಳು. ಸೇತುವೆಯ ಪಕ್ಕದ ಅಂಗಡಿಯೂ ಪೆಟ್ರೋಲ್ ಪಂಪೂ ನನ್ನವು. ಊರಿನ ಸುದ್ದಿಯೆಲ್ಲ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಕಾಫಿ ಕುಡಿದೇ ಮುಂದಕ್ಕೆ ಹೋಗುವುದು. ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರೆ. ದಿನವಿಡೀ ಒಂದೇ ಲೋಟ ಕಾಫಿಗೆ ಬೆಂಚು ಕಾಯಿಸುವವರ ನಡುವೆ ನೀವೂ ಬದುಕಿ ನೋಡಿ, ಆಮೇಲೆ ಹೇಳಿ.

ರಾವ್ನಕ್ಕ ನನ್ನ ತದ್ವಿರುದ್ಧ. ಶಾಲೆಯ ಅಡುಗೆಮನೆಯಲ್ಲಿ ಇಡೀ ಆಯುಷ್ಯ ಸೌಟು ಆಡಿಸಿದವಳು. ಗಂಡ ತೀರಿಕೊಂಡ ವರ್ಷವೂ ಮಕ್ಕಳ ಎದುರು ನಗುವುದನ್ನು ಬಿಡಲಿಲ್ಲ. ಈಗ ಮೀನಿನ ಜೊತೆ ನಗುತ್ತಾಳೆ. ಪಾಚಿ ಕಟ್ಟಿದ ಕ್ಯಾಮೆರಾ ತೊಳೆಯಲು ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ಉದ್ದ ಹಿಡಿಯ ಬ್ರಷ್ ಹಿಡಿದು ನೀರಿಗಿಳಿದರೆ ಸೇತುವೆ ಮೇಲೆ ಕಾರುಗಳು ನಿಲ್ಲುತ್ತವೆ. ಒಂದು ಬಾತುಕೋಳಿಗೆ ಕ್ಯಾಮೆರಾದ ಗಾಜಿನಲ್ಲಿ ಕಾಣುವ ತನ್ನದೇ ಮುಖದ ಮೇಲೆ ದ್ವೇಷ. ದಿನಾ ಮುಳುಗಿ ಬಂದು ಕುಕ್ಕುತ್ತದೆ. "ಬಂದ್ಯಾ ತಾಯಿ, ಕುಟ್ಟು, ನಿನ್ನ ಸವತಿ ಅಲ್ಲೇ ಇದಾಳೆ" ಎಂದು ರಾವ್ನಕ್ಕ ಪರದೆಗೆ ಹೇಳುವುದನ್ನು ಕೇಳಬೇಕು. ಬೆನ್ನುಬ್ಬಿದ ಹೊಸ ಜಾತಿಯ ಸಾಲ್ಮನ್ ಬಂದರೆ ಮಾತ್ರ ಅವಳ ಹುಬ್ಬು ಗಂಟಾಗುತ್ತದೆ. "ಕರೆಯದೆ ಬಂದೋರು" ಎನ್ನುತ್ತಾಳೆ. ಆದರೂ ಬರೆಯುತ್ತಾಳೆ.

ಇಷ್ಟೆಲ್ಲ ನಗುವವಳ ಎದೆಯಲ್ಲಿ ಒಂದೇ ಒಂದು ಮುಳ್ಳಿತ್ತು. ಅದು ಅವಳ ತಮ್ಮ ಆಸ್ಲಾತ್.

ಆಸ್ಲಾತನ ಮನೆ ಹೊಳೆಯ ಆಚೆ ದಡದಲ್ಲಿದೆ. ರಾವ್ನಕ್ಕನ ಕೋಣೆಯ ಕಿಟಕಿಯಿಂದ ಅವನ ಹೊಗೆಗೂಡು ಕಾಣುತ್ತದೆ. ಅಮ್ಮ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿ, ಮೂಗು ಒರೆಸಿ ಬೆಳೆಸಿದವಳು ಅಕ್ಕನೇ. ಅವನು ದೊಡ್ಡವನಾಗಿ ಹೊಳೆಯ ಒಳ್ಳೆಯ ಮೀನುಗಾರನಾದ. ಮೂರು ಬೇಸಗೆಯ ಹಿಂದೆ, ಸಾಲ್ಮನ್ ತೀರಾ ಕಡಿಮೆಯಾಯಿತೆಂದು ಹೊಳೆಯಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಿದರು. ಅದೇ ವಸಂತದಲ್ಲಿ ರಾವ್ನಕ್ಕ ಕ್ಯಾಮೆರಾ ಮುಂದೆ ಕೂತಳು. ಆಸ್ಲಾತ್ ನನ್ನ ಅಂಗಡಿಯಲ್ಲೇ, ಎಲ್ಲರೆದುರು ಹರಿಹಾಯ್ದ.

"ಮೀನು ಹಿಡಿಯೋ ಮನೇಲಿ ಹುಟ್ಟಿ ಮೀನು ಎಣಿಸೋಕೆ ಕೂತ್ಯಲ್ಲ! ನಿಮ್ಮ ಕಚೇರಿಯೋರು ಕಮ್ಮಿ ಕಮ್ಮಿ ಅಂತ ಬರೆದು ಬರೆದೇ ನಮ್ಮ ಹೊಳೆ ಮುಚ್ಚಿಸಿದ್ದು. ಇನ್ನು ನನ್ ಹತ್ರ ಮಾತಾಡಬೇಡ."

ಅಂದಿನಿಂದ ಅಕ್ಕ ತಮ್ಮ ಎಣ್ಣೆ ಸೀಗೆಕಾಯಿ. ಆದರೆ ನಮ್ಮದು ಒಂದೇ ಅಂಗಡಿಯ ಊರು. ಇಬ್ಬರೂ ಎದುರಾಗದೆ ಇರುವುದು ಸಾಧ್ಯವೇ ಇಲ್ಲ. ಹಾಗೆ ಎದುರಾದಾಗ ಆಸ್ಲಾತ್ ತನ್ನ ಕರಿ ನಾಯಿ ಮುಸ್ತೆಯ ಮೂಲಕ ಮಾತಾಡುತ್ತಿದ್ದ.

"ಮುಸ್ತೆ, ಬಾಗಿಲಲ್ಲಿ ನಿಂತಿರೋ ಹೆಂಗಸಿಗೆ ಸ್ವಲ್ಪ ಸರಿಯೋಕೆ ಹೇಳು."

ಮುಸ್ತೆ ಬಾಲ ಆಡಿಸಿಕೊಂಡು ಹೋಗಿ ರಾವ್ನಕ್ಕನ ಕೈ ನೆಕ್ಕುತ್ತಿತ್ತು. ಅದಕ್ಕೆ ಯಾರ ಮೇಲೂ ಸಿಟ್ಟಿರಲಿಲ್ಲ.

ಊರವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಒಂದು ದಿನ ಕೋಣೆಯಲ್ಲಿ ಕಾಫಿ ಕುಡಿಯುವಾಗ ರಾವ್ನಕ್ಕ ಆಚೆ ದಡದ ಹೊಗೆಯನ್ನು ನೋಡುತ್ತ, "ಬೈಲಿ ಇಂಗ್ಗಾ, ಬೇಕಾದಷ್ಟು ಬೈಲಿ. ನನ್ ಮುಖ ನೋಡಿ ಬೈಲಿ. 'ಅಕ್ಕ' ಅಂತ ಕರೆದು ಬೈಲಿ. ಅಷ್ಟು ಸಾಕು ನನಗೆ" ಎಂದಳು. ಆವತ್ತಿನಿಂದ ಆ ನಾಯಿಯ ಆಟ ಕಂಡರೆ ನನಗೆ ನಗು ಬರುತ್ತಿರಲಿಲ್ಲ. ಆಸ್ಲಾತನ ತಲೆಯ ಮೇಲೆ ಹಿಟ್ಟಿನ ಚೀಲ ಬೀಳಿಸಬೇಕೆಂದು ಕೈ ತುರಿಸುತ್ತಿತ್ತು.

ಈ ಜುಲೈನಲ್ಲಿ ಒಂದು ಬೆಳಿಗ್ಗೆ, ರಾವ್ನಕ್ಕನಿಗೆ ಬಿಸಿ ಬನ್ನು ಕೊಡಲು ಕೋಣೆಗೆ ಹೋಗಿದ್ದೆ. ಪರದೆಯಲ್ಲಿ ಮೂರು ಸಣ್ಣ ಸಾಲ್ಮನ್ ಶಾಲೆಗೆ ಹೊರಟ ಮಕ್ಕಳ ಹಾಗೆ ಒಂದರ ಹಿಂದೊಂದು ಹೋದವು. ಆಮೇಲೆ ಪರದೆ ಕತ್ತಲಾಯಿತು. ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ಮೀನು ಅಷ್ಟು ದೊಡ್ಡದಿತ್ತು.

"ಅಯ್ಯೋ ನನ್ನಪ್ಪ!" ಎಂದು ರಾವ್ನಕ್ಕ ಎದ್ದೇ ನಿಂತಳು. ಕೊಕ್ಕೆಯ ಹಾಗೆ ಬಾಗಿದ ದವಡೆಯ ಹಳೆಯ ಗಂಡು. ಅವಸರವಿಲ್ಲದೆ, ಊರ ಗೌಡನ ಗತ್ತಿನಲ್ಲಿ ಹಾದುಹೋಯಿತು. ಹೋಗುವಾಗ ತಲೆ ತಿರುಗಿಸಿತು. ದವಡೆಯ ಮೂಲೆಯಲ್ಲಿ ಏನೋ ಕೆಂಪಗೆ ಅಲ್ಲಾಡಿತು.

ರಾವ್ನಕ್ಕ ಚಿತ್ರವನ್ನು ಹಿಂದಕ್ಕೆ ಓಡಿಸಿ ನಿಲ್ಲಿಸಿದಳು. ಇಬ್ಬರೂ ನೋಡಿದೆವು.

ನಮ್ಮ ಹೊಳೆಯಲ್ಲಿ ಸಾಲ್ಮನ್‌ಗೆ ಎರೆಹುಳು ಹಾಕುವುದಿಲ್ಲ. ಗಾಳದ ಮುಳ್ಳಿಗೆ ಬಣ್ಣದ ನೂಲು, ಕೂದಲು, ಗರಿ ಸುತ್ತಿ ಹುಸಿ ಹುಳು ಕಟ್ಟುತ್ತೇವೆ. ಒಬ್ಬೊಬ್ಬರ ಕಟ್ಟು ಒಂದೊಂದು. ಕೈಬರಹ ಗುರುತಿಸಿದ ಹಾಗೆ ಇದು ಯಾರ ಹುಳು ಎಂದು ಊರಿನ ಯಾರು ಬೇಕಾದರೂ ಹೇಳಬಲ್ಲರು. ಆ ದವಡೆಯಲ್ಲಿ ಅಲ್ಲಾಡುತ್ತಿದ್ದದ್ದು ಕೆಂಪು ಹಳದಿ ಉಣ್ಣೆ ನೂಲು. ಅಕ್ಕ ತಮ್ಮಂದಿರ ಅಮ್ಮ ನೇಯುತ್ತಿದ್ದ ಸೊಂಟಪಟ್ಟಿಯಿಂದ ಉಳಿದ ನೂಲು ಅದು. ಕೊನೆಯ ಉಂಡೆ ಇರುವುದು ಆಸ್ಲಾತನ ಪೆಟ್ಟಿಗೆಯಲ್ಲಿ. ನೂಲಿನ ನಡುವೆ ಕಪ್ಪು ಕೂದಲು. ಅದು ಮುಸ್ತೆಯ ಬಾಲದ್ದು.

"ಕಳ್ಳ ನನ್ನ ಮಗ" ಎಂದೆ ನಾನು. "ಹೊಳೆಗೆ ಗಾಳ ಹಾಕಿದಾನೆ!"

ಚಿತ್ರ ತಾನಾಗಿಯೇ ಕಚೇರಿಗೆ ಹೋಗುತ್ತದೆ, ಅದನ್ನು ತಡೆಯಲು ಬರುವುದಿಲ್ಲ. ಗಾಳ ಕಂಡದ್ದನ್ನು ರಾವ್ನಕ್ಕ ಬರೆಯಲೇಬೇಕು. ಹೊಳೆ ಕಾವಲಿನ ಪಿಯೆರಾ ವಾರಕ್ಕೊಮ್ಮೆ ಬಂದು ಇದನ್ನೆಲ್ಲ ನೋಡುತ್ತಾನೆ. ಹೆಸರು ಹೇಳಿದರೆ ತಮ್ಮ ಇನ್ನು ಈ ಜನ್ಮದಲ್ಲಿ ಮಾತಾಡುವುದಿಲ್ಲ. ಗೊತ್ತಿಲ್ಲವೆಂದರೆ ತಾನು ಕೂತ ಕುರ್ಚಿಗೆ ತಾನೇ ಸುಳ್ಳು ಹೇಳಿದ ಹಾಗೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

"ಕಂಡಿದ್ದು ಬರೀತೀನಿ" ಎಂದಳು ಕೊನೆಗೆ. "ಗಂಡು, ದೊಡ್ಡದು, ಬಾಯಲ್ಲಿ ಗಾಳ ಅಂತ. ಯಾರದ್ದು ಅಂತ ಬರೆಯೋಕೆ ಅದರಲ್ಲಿ ಜಾಗ ಇಲ್ಲ. ಆದ್ರೆ ಬಾಯಿಬಿಟ್ಟು ಕೇಳಿದ್ರೆ ಸುಳ್ಳು ಹೇಳಲ್ಲ ಇಂಗ್ಗಾ. ದೇವರೇ, ಯಾರೂ ಕೇಳದೆ ಇರಲಿ."

"ನಮ್ಮೂರಲ್ಲಿ ಯಾರು ಕೇಳ್ತಾರೆ ಬಿಡು" ಎಂದೆ. ಹಾಗೆ ಹೇಳಿದೆನೇ ಹೊರತು ನನಗೂ ಧೈರ್ಯ ಇರಲಿಲ್ಲ.

ಪಿಯೆರಾ ಕಡಲ ಕಡೆಯವನು. ಒಳ್ಳೆಯವನೇ, ಆದರೆ ನಮ್ಮ ಹುಳುಗಳ ಗುರುತು ಅವನಿಗಿಲ್ಲ. ಚಿತ್ರ ನೋಡಿದ. ದವಡೆಯನ್ನೂ ಗಾಳವನ್ನೂ ದೊಡ್ಡದಾಗಿ ಮುದ್ರಿಸಿ ತಂದು, ಶನಿವಾರ ಬೆಳಿಗ್ಗೆ ನನ್ನ ಅಂಗಡಿಯ ಹಲಗೆಗೆ ಮೊಳೆ ಹೊಡೆದ. "ಇದು ಯಾರದ್ದು ಅಂತ ಗೊತ್ತಿದ್ರೆ ಹೇಳ್ರಪ್ಪ" ಎಂದು ಕಾಫಿ ಹಿಡಿದು ಕೂತ.

ಬೆಂಚಿನ ಮೇಲಿದ್ದವರೆಲ್ಲ ಎದ್ದು ಬಂದು ನೋಡಿದರು. ಒಂದು ನೋಟಕ್ಕೇ ಎಲ್ಲರಿಗೂ ಗೊತ್ತಾಯಿತು. ಎಲ್ಲರ ಬಾಯಿಗೂ ಬೀಗ ಬಿತ್ತು.

"ಕೆಂಪು ಬಣ್ಣ ಇದೆ" ಎಂದ ಒಬ್ಬ.

"ಹಳದಿನೂ ಇದೆ" ಎಂದ ಇನ್ನೊಬ್ಬ, ಬಹಳ ಯೋಚಿಸಿ.

"ಹೊಳೇಲಿ ಏನೇನೋ ತೇಲ್ಕೊಂಡು ಬರುತ್ತೆ ಸಾಹೇಬ್ರೇ" ಎಂದರು ಯೋವ್ನಾ ಅಜ್ಜ. ಅವರು ನಮ್ಮ ಬೆಂಚಿನ ಹಿರಿಯರು. "ಮೀನು ಅಂದ್ಮೇಲೆ ಬಾಯಿಗೆ ಹಾಕ್ಕೊಳ್ಳುತ್ತೆ."

ಪಿಯೆರಾ ನಕ್ಕ. ಅಷ್ಟರಲ್ಲಿ ರಾವ್ನಕ್ಕ ಹಾಲು ಕೊಳ್ಳಲು ಬಂದಳು. ಚಿತ್ರ ಕಂಡು ಬಾಗಿಲಲ್ಲೇ ನಿಂತಳು. ಅವಳ ಹಿಂದೆಯೇ ಆಸ್ಲಾತ್, ಅವನ ಹಿಂದೆ ಮುಸ್ತೆ. ಈ ಊರಿನ ದೇವರಿಗೆ ತಮಾಷೆ ಜಾಸ್ತಿ.

ಆಸ್ಲಾತ್ ಚಿತ್ರ ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಉಪ್ಪಿನ ಪೊಟ್ಟಣ ಕೈಗೆತ್ತಿಕೊಂಡು ಓದತೊಡಗಿದ. ಉಪ್ಪಿನ ಪೊಟ್ಟಣದಲ್ಲಿ ಓದುವುದಕ್ಕೆ ಏನಿರುತ್ತದೆ?

"ರಾವ್ನಾ, ಬಾ" ಎಂದ ಪಿಯೆರಾ. "ದಿನಾ ಮೀನಿನ ಬಾಯಿ ನೋಡೋಳು ನೀನು. ನಿನ್ನನ್ನೇ ಕೇಳ್ತೀನಿ. ಈ ಹುಳು ಯಾರು ಕಟ್ಟಿದ್ದು, ಗೊತ್ತಾ ನಿನಗೆ?"

ಕೇಳಿಯೇಬಿಟ್ಟ. ರಾವ್ನಕ್ಕ ಬೆಳ್ಳಗಾದಳು. ಹಾಲಿನ ಡಬ್ಬವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಬಾಯಿ ತೆರೆದಳು. ಅವಳು ಸುಳ್ಳು ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

ಯೋವ್ನಾ ಅಜ್ಜ ಮಾತು ತಪ್ಪಿಸಲೆಂದು ನಡುವೆ ಬಾಯಿ ಹಾಕಿದರು. ಅವರ ಉದ್ದೇಶ ಒಳ್ಳೆಯದೇ ಇತ್ತು.

"ಯಾರದ್ದಾದ್ರೇನು ಬಿಡಿ ಸಾಹೇಬ್ರೇ! ಇಷ್ಟು ಸಣ್ಣ ಮೀನಿಗೆ ಇಷ್ಟೊಂದು ಗದ್ದಲ ಯಾಕೆ? ಈ ಕ್ಯಾಮೆರಾದಲ್ಲಿ ಇಲಿ ಹೋದ್ರೂ ಹುಲಿ ಕಾಣುತ್ತೆ."

ಉಪ್ಪಿನ ಪೊಟ್ಟಣ ಅಲ್ಲಾಡಿತು.

"ಹೌದೌದು" ಎಂದ ಪಕ್ಕದವನು, ಅಜ್ಜನಿಗೆ ಒತ್ತಾಸೆಯಾಗಿ. "ಏನೋ ಒಂದು ಮರಿ. ಅದನ್ನೂ ದಡಕ್ಕೆ ಎಳೆಯೋಕೆ ಆಗಿಲ್ಲ ಅಂದ್ರೆ ಕಟ್ಟಿದೋನ ಗಂಟು ಎಂಥದ್ದಿರಬೇಕು! ನಮ್ಮೂರಲ್ಲಿ ಅಂಥ ಗಂಟು ಹಾಕೋರು ಯಾರೂ ಇಲ್ಲ. ಯಾರೋ ಪ್ರವಾಸಿಗನದ್ದು."

"ಗಂಟು ಬಿಚ್ಚಿಲ್ಲ!" ಎಂದು ಆಸ್ಲಾತ್ ಕಿರುಚಿದ. "ದಾರ ಕಲ್ಲಿಗೆ ಉಜ್ಜಿ ಕಡೀತು! ಮರಿಯಂತೆ! ದೋಣಿನೇ ಎಳ್ಕೊಂಡು ಹೋಗಿತ್ತು ಅದು, ನಿನ್ನ ಮನೆ ಬಾಗಿಲಿಗಿಂತ ದೊಡ್ಡದು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವನು ಕುಂಬಳಕಾಯಿಯನ್ನೇ ಎತ್ತಿ ತೋರಿಸಿದ. ಮುಸ್ತೆ ತನ್ನ ಕರಿ ಬಾಲವನ್ನು ಚಿತ್ರದ ಕೆಳಗೆ ನಿಂತು ಆಡಿಸುತ್ತಿತ್ತು. ಪಿಯೆರಾ ನಾಯಿಯನ್ನು ನೋಡಿದ, ಚಿತ್ರ ನೋಡಿದ, ಲೋಟ ಕೆಳಗಿಟ್ಟ.

"ಹಾಗಾದ್ರೆ ನೀನಾ ಆಸ್ಲಾತ್?"

"ನಾನೇ. ದಂಡ ಹಾಕು, ಕೊಡ್ತೀನಿ. ಗಾಳದ ಕೋಲು ಬೇಕಾದ್ರೂ ತಗೊಂಡು ಹೋಗು. ಆದ್ರೆ ಮೀನು ಎಷ್ಟಿತ್ತು ಅಂತ ಸರಿಯಾಗಿ ಬರಿ. ಮರಿ ಹಿಡಿಯೋಕೆ ಹೋದೆ ಅಂತ ಬರೆದ್ರೆ ನಾನು ಸಹಿ ಹಾಕಲ್ಲ."

"ಎಷ್ಟಿತ್ತು ಅಂತ ನನಗೇನು ಗೊತ್ತು?" ಎಂದ ಪಿಯೆರಾ. ಅವನು ತುಟಿ ಕಚ್ಚಿ ನಗು ತಡೆಯುತ್ತಿದ್ದ. "ಅಳತೆ ನೋಡಿದೋಳು ಇಲ್ಲೇ ನಿಂತಿದಾಳಲ್ಲ, ಕೇಳು."

ಆಸ್ಲಾತ್ ಅಕ್ಕನ ಕಡೆ ನೋಡಲಿಲ್ಲ. ನೆಲ ನೋಡಿದ.

"ಮುಸ್ತೆ" ಎಂದ ಮೆಲ್ಲಗೆ. "ಮೀನು ಎಷ್ಟು ಉದ್ದ ಇತ್ತು, ಕೇಳು."

ರಾವ್ನಕ್ಕ ಹಾಲಿನ ಡಬ್ಬ ನನ್ನ ಗಲ್ಲೆಯ ಮೇಲೆ ಕುಕ್ಕಿದಳು. ಅವಳಿಗೆ ಸಿಟ್ಟು ಬಂದದ್ದನ್ನು ನನ್ನ ಜೀವಮಾನದಲ್ಲಿ ಅಂದೇ ಕಂಡದ್ದು.

"ನಾಯಿ ಕೇಳಿದ್ರೆ ನಾನು ಹೇಳಲ್ಲ."

ಆಸ್ಲಾತ್ ಕಾಲು ಬದಲಿಸಿದ. ಟೋಪಿ ತೆಗೆದ, ಮತ್ತೆ ಹಾಕಿದ. ಮೀನು ಎಷ್ಟು ದೊಡ್ಡದಿತ್ತು ಎಂಬುದು ಅಷ್ಟು ದಿನದಿಂದ ಅವನ ನಿದ್ದೆ ಕೆಡಿಸಿತ್ತೆಂದು ಆಮೇಲೆ ತಾನೇ ಹೇಳಿದ. ಕೈಗೆ ಬಂದು ತಪ್ಪಿಹೋದ ಮೀನಿನ ಅಳತೆ ಗೊತ್ತಾಗದೆ ಸಾಯುವುದು ಯಾವ ಹೊಳೆಯವನಿಗೂ ಬೇಡ.

"ಅಕ್ಕ" ಎಂದ ಕೊನೆಗೆ. "ಎಷ್ಟಿತ್ತಕ್ಕ ಅದು?"

ಹಲಗೆಗೆ ಆತು ನಿಂತಿದ್ದ ಯೋವ್ನಾ ಅಜ್ಜ ಮೂಗು ಒರೆಸಿಕೊಂಡರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಯಾರಿಗೂ ಕಾಣಬಾರದೆಂದು ಗಲ್ಲೆಯ ಕೆಳಗೆ ಬಗ್ಗಿ ಏನೋ ಹುಡುಕುವ ನಾಟಕ ಮಾಡಿದೆ. ರಾವ್ನಕ್ಕ ಅಂಕಿ ಹೇಳಲಿಲ್ಲ. ನಾಲ್ಕು ಜನರ ಮುಂದೆ ಹೇಳುವ ಪೈಕಿ ಅವಳಲ್ಲ.

"ಬಂದು ನೋಡು" ಎಂದಳು ಅಷ್ಟೇ.

ದಂಡದ ಕಾಗದ ಮುಗಿಸಿ ಪಿಯೆರಾ ಗಾಳದ ಕೋಲು ಹೊತ್ತುಕೊಂಡು ಹೋದ. ಆಸ್ಲಾತ್ ನೇರ ಹಲಗೆಯ ಕೋಣೆಗೆ ನಡೆದ. ಏನಾದರೂ ಜಗಳವಾದರೆ ಬಿಡಿಸಬೇಕಲ್ಲ ಎಂದು ನಾನೂ ಹೋದೆ. ನಿಜ ಹೇಳಬೇಕೆಂದರೆ ಕುತೂಹಲ ತಡೆಯಲಾಗಲಿಲ್ಲ. ಅಂಗಡಿಗೆ ಬೀಗವನ್ನೂ ಹಾಕಿರಲಿಲ್ಲ.

ರಾವ್ನಕ್ಕ ಅವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಮೀನು ಪರದೆ ತುಂಬ ಬಂತು. ಪಟ್ಟಿ ಕೋಲಿನ ಪಕ್ಕ ಹಾಯುವಾಗ ಅವಳು ನಿಲ್ಲಿಸಿದಳು. ಆಸ್ಲಾತ್ ಪಟ್ಟಿಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತ ಹೋದ.

"ಇನ್ನೊಂದ್ಸಲ ತೋರ್ಸು."

ತೋರಿಸಿದಳು. ಮತ್ತೆ ತೋರಿಸಿದಳು. ನನಗೆ ಆ ಮೀನಿನ ಹುರುಪೆ ಹುರುಪೆಯೂ ಬಾಯಿಪಾಠವಾಯಿತು.

"ಯಾಕೋ ಹಾಕಿದೆ ಗಾಳ?" ಎಂದು ಕೇಳಿದಳು ರಾವ್ನಕ್ಕ. ಸ್ವರದಲ್ಲಿ ಸಿಟ್ಟಿರಲಿಲ್ಲ.

ಆಸ್ಲಾತ್ ಪರದೆಯಿಂದ ಕಣ್ಣು ಕೀಳದೆ ಹೇಳಿದ. "ಹೊಳೇಲಿ ಮೀನೇ ಇಲ್ಲ ಅಂತಾರಲ್ಲ. ದಡದಲ್ಲಿ ಕೂತು ಕೂತು ನನಗೂ ಹಾಗೇ ಅನ್ನಿಸ್ತು. ದೊಡ್ಡವು ಬರೋದು ನಿಂತೇಹೋಯ್ತಾ ಅಂತ ಹೆದರಿಕೆ ಆಯ್ತು. ಇದೆಯೋ ಇಲ್ವೋ ತಿಳೀಬೇಕಿತ್ತು ಅಷ್ಟೇ. ತಿನ್ನೋಕಲ್ಲ."

"ತಿನ್ನೋಕಲ್ವಂತೆ!" ಎಂದೆ ನಾನು. ಇಬ್ಬರೂ ನನ್ನ ಕಡೆ ನೋಡಲಿಲ್ಲ.

"ನನ್ನ ಕೇಳಬಹುದಿತ್ತಲ್ಲೋ" ಎಂದಳು ರಾವ್ನಕ್ಕ. "ನಾನು ಇಲ್ಲೇ ಕೂತಿದ್ದೆ. ದಿನಾ ನೋಡ್ತಿದ್ದೆ."

ಅವನ ಕಿವಿ ಕೆಂಪಾದದ್ದು ಹಿಂದೆ ನಿಂತ ನನಗೆ ಕಂಡಿತು. ಪರದೆ ಈಗ ಇವತ್ತಿನ ನೀರನ್ನು ತೋರಿಸುತ್ತಿತ್ತು, ಕಲ್ಲು, ಪಾಚಿ, ಬಿಸಿಲಿನ ಚುಕ್ಕಿ. ರಾವ್ನಕ್ಕ ಕಾಫಿ ಬಗ್ಗಿಸಲು ಒಲೆಯ ಕಡೆ ತಿರುಗಿದಳು. ಲೋಟದ ಹೊರಗೂ ಸ್ವಲ್ಪ ಚೆಲ್ಲಿತು.

"ಅಕ್ಕ, ಒಂದು ಹೋಯ್ತು" ಎಂದ ಆಸ್ಲಾತ್.

"ಏನು?"

"ಸಾಲ್ಮನ್. ಹೆಣ್ಣು. ಹೊಟ್ಟೆ ತುಂಬ ಮೊಟ್ಟೆ ಇದೆ. ಮೇಲಕ್ಕೆ ಹೋಯ್ತು. ಇಷ್ಟುದ್ದ" ಎಂದು ಎರಡೂ ಕೈ ಅಗಲಿಸಿದ.

ಚಿತ್ರವನ್ನು ಹಿಂದಕ್ಕೆ ಓಡಿಸುವ ಗುಂಡಿ ಅವಳ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಮೀನು ಕಚೇರಿಯವರೇ ಬಂದು ಹೇಳಿದರೂ ತಾನು ಕಾಣದ ಮೀನನ್ನು ಬರೆಯುವವಳಲ್ಲ ಅವಳು. ಅಂದು ಆ ಗುಂಡಿ ಮುಟ್ಟಲಿಲ್ಲ. ಕಾಫಿಯನ್ನು ತಮ್ಮನ ಕೈಗೆ ಕೊಟ್ಟು, ನಿಂತಲ್ಲೇ ಬಗ್ಗಿ ಬರೆದಳು. ಸಾಲ್ಮನ್, ಹೆಣ್ಣು, ಮೇಲಕ್ಕೆ. ಉದ್ದವನ್ನು ಮಾತ್ರ ಅವನು ತೋರಿಸಿದ್ದರಲ್ಲಿ ಒಂದು ಗೇಣು ಕಳೆದು ಬರೆದಳು.